ಆಜಿಗೊಂದು ರಾಣಿ ಬಣ್ಣದ ತೊಟ್ಟೆಚೀಲ

ನನ್ನ ಹೆಂಡತಿ ವರ್ಷಕ್ಕೆ ಒಂದೇ ಒಂದು ಸುಳ್ಳು ಹೇಳುತ್ತಾಳೆ. ಹೆಚ್ಚಿಲ್ಲ. ಆದರೆ ಅದನ್ನು ನಿಜ ಮಾಡಲಿಕ್ಕೆ ನನಗೆ ಉಳಿದ ಹನ್ನೊಂದು ತಿಂಗಳೂ ಸಾಲುವುದಿಲ್ಲ. ಒಮ್ಮೆ ನಮ್ಮ ಬಿಲ್ಡಿಂಗಿನ ಗಣಪತಿ ಮಂಡಳಿಯವರ ಹತ್ತಿರ "ನಮ್ಮವರು ಚೆಂಡೆ ಬಾರಿಸ್ತಾರೆ" ಅಂದುಬಿಟ್ಟಿದ್ದಳು. ನಾನು ಆವತ್ತಿನವರೆಗೆ ಬಾರಿಸಿದ್ದು ಇಡ್ಲಿ ಪಾತ್ರೆಯ ಮುಚ್ಚಳ ಮಾತ್ರ. ಆ ವರ್ಷದ ವಿಸರ್ಜನೆಯ ಮೆರವಣಿಗೆಯಲ್ಲಿ ನಾನು ಏನು ಬಾರಿಸಿದೆ, ಜನ ಏನು ಕುಣಿದರು, ಆ ಗಣಪತಿಗೇ ಗೊತ್ತು. ಈ ವರ್ಷದ ಸುಳ್ಳು ಮಾತ್ರ ಮಗಳ ಮದುವೆಯ ಬುಡಕ್ಕೇ ಬಂದಿತ್ತು. ಈಗ ನೆನೆಸಿದರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಬೆವರು.

ನಾನು ಉಡುಪಿ ಕಡೆಯವ, ಮನೆ ದಹಿಸರ್. ವಿಲೆ ಪಾರ್ಲೆಯ ಒಂದು ಹೊಟೇಲಿನಲ್ಲಿ ಮೂವತ್ತು ವರ್ಷದಿಂದ ಪಾರ್ಸೆಲ್ ಕೌಂಟರಿನಲ್ಲಿ ನಿಂತಿದ್ದೇನೆ. ತಲೆಯ ಮೇಲೆ ಬಿಳಿ ದಾರದ ಉಂಡೆ ನೇತಾಡುತ್ತಿರುತ್ತದೆ. ಇಡ್ಲಿಯನ್ನು ಎಲೆ, ಪೇಪರಿನಲ್ಲಿ ಮಡಚಿ, ಸಾಂಬಾರಿನ ಡಬ್ಬಿಯನ್ನು ಅದರ ಮೇಲೆ ಕೂರಿಸಿ, ದಾರ ಎಳೆದು ನಾಲ್ಕು ಸುತ್ತು ಸುತ್ತಿ, ಹೆಬ್ಬೆರಳಿನ ಮೇಲೆ ಎರಡು ಸಲ ತಿರುಚಿ ಒಳಗಿನಿಂದ ಎಳೆದರೆ ಗಂಟು ಬಿತ್ತು. ಈ ಗಂಟು ನನಗೆ ಯಾರೂ ಕಲಿಸಿದ್ದಲ್ಲ, ಕೈಗೆ ತಾನಾಗಿ ಬಂದದ್ದು. ಲೋಕಲ್ ಟ್ರೈನಿನ ನೂಕಾಟದಲ್ಲೂ ಬಿಚ್ಚುವುದಿಲ್ಲ ಅಂತ ನನಗೆ ಸ್ವಲ್ಪ ಜಂಬವೂ ಇತ್ತು.

೧. ಬೈಠಕ್

ಮಗಳು ಅಂಧೇರಿಯಲ್ಲಿ ಆಫೀಸಿಗೆ ಹೋಗುತ್ತಾಳೆ. ಒಂದು ದಿನ, "ಪಪ್ಪಾ, ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ... ಮರಾಠಿ... ಬಹುತ್ ಅಚ್ಛಾ ಹೈ, ನೀವು ಒಮ್ಮೆ ನೋಡಿ" ಅಂದಳು. ನೋಡಿದೆ. ನೋಡಿದರೆ ಪ್ರತಿ ಭಾನುವಾರ ನನ್ನ ಕೌಂಟರಿನ ಮುಂದೆ ಇಡ್ಲಿಗೆ ನಿಲ್ಲುವ ಹುಡುಗ! ನಾನು ಇಲ್ಲ ಅನ್ನಲಿಲ್ಲ. ಕ್ಯೂನಲ್ಲಿ ಒಂದು ದಿನವೂ ಮುಂದೆ ನುಗ್ಗಿದವನಲ್ಲ ಅವನು.

ಎರಡೂ ಮನೆಯವರು ಕೂತು ಮದುವೆಯ ವಿಷಯ ಮಾತಾಡುವುದಕ್ಕೆ ಅವರಲ್ಲಿ ಬೈಠಕ್ ಅನ್ನುತ್ತಾರೆ. ಪಾರ್ಲೆಯ ಅವರ ಮನೆಗೆ ಹೋದೆವು. ಹುಡುಗನ ಅಪ್ಪ, ಅಮ್ಮ ಪಾಪದವರು. ಆ ಮನೆಯಲ್ಲಿ ಮಾತು ನಡೆಯುವುದು ಹುಡುಗನ ಅಜ್ಜಿಯದ್ದು. ಎಲ್ಲರೂ ಅವರನ್ನು ಆಜಿ ಅನ್ನುತ್ತಾರೆ. ಸಣ್ಣ ದೇಹ, ದೊಡ್ಡ ಕನ್ನಡಕ, ಮುಂದಿನ ಒಂದು ಹಲ್ಲಿಲ್ಲ. ಹುಡುಗನ ಅಮ್ಮ ನನ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದು, "ಆ ಹಲ್ಲಿನ ವಿಷಯ ಮಾತ್ರ ಎತ್ತಬೇಡಿ, ಅವರಿಗೆ ತಲೆ ಕೆಡ್ತದೆ" ಅಂತ ಮೊದಲೇ ಎಚ್ಚರಿಸಿದ್ದರು.

ಆಜಿ ನನ್ನನ್ನು ಕೇಳಿದರು. "ನಿಮ್ಮ ಹೊಟೇಲಿನ ಇಡ್ಲಿಯೇ ನಮ್ಮ ಮನೆಗೆ ಬರೋದು. ಅಲ್ಲಿ ನಿಮ್ಮ ಕೆಲಸ ಏನು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಮ್ಯಾನೇಜರ್" ಅಂದಳು. ಹುಡುಗ ತಲೆಯೆತ್ತಿ ಫ್ಯಾನ್ ನೋಡುತ್ತಾ ಕೂತ. ನಾನೂ ಅದೇ ಫ್ಯಾನ್ ನೋಡಿದೆ.

ಆಮೇಲೆ ರುಖವತ್ತಿನ ಮಾತು ಬಂತು. ಮರಾಠಿ ಮದುವೆಯಲ್ಲಿ ಹುಡುಗಿಯ ಕೈಕೆಲಸ, ತಿಂಡಿ ಎಲ್ಲ ಒಂದು ಮೇಜಿನ ಮೇಲೆ ಚಂದ ಮಾಡಿ ಇಡುತ್ತಾರೆ, ಬಂದವರೆಲ್ಲ ಸುತ್ತ ನಿಂತು ನೋಡುತ್ತಾರೆ. ಅದು ರುಖವತ್. ಆಜಿ ಹೇಳಿದರು, "ಈಗಿನವರು ಅದನ್ನೂ ಬಾಡಿಗೆಗೆ ತರ್ತಾರೆ. ನನಗೆ ಅದು ಬೇಡ. ಹುಡುಗಿ ಕೈಯಾರೆ ಮಾಡಿದ್ದು ಒಂದೇ ಒಂದು ವಸ್ತು ಸಾಕು. ಆದರೆ ಸುಳ್ಳು ಆಗೋದಿಲ್ಲ. ಇವನಿಗೆ ಮೊದಲು ಒಂದು ಸಂಬಂಧ ಬಂದಿತ್ತು. ಹುಡುಗಿ ಮಾಡಿದ್ದು ಅಂತ ಚಕ್ಕುಲಿ ತಂದರು. ಒಂದು ಕಚ್ಚಿದೆ. ಸ್ಟೇಷನ್ ಎದುರಿನ ಅಂಗಡಿಯದ್ದು! ಚಹಾ ಕುಡಿಸಿ ಕಳಿಸಿಬಿಟ್ಟೆ."

ನನ್ನ ಕೈಯಲ್ಲಿ ಚಹಾದ ಕಪ್ಪು ಇತ್ತು. ಅದನ್ನು ಮೆಲ್ಲ ಕೆಳಗಿಟ್ಟೆ.

"ನಿಮ್ಮ ಹುಡುಗಿಗೆ ಏನು ಬರ್ತದೆ?"

"ಕ್ರೋಶಾ!" ಅಂದಳು ನನ್ನ ಹೆಂಡತಿ, ವರ್ಷದ ಲೆಕ್ಕ ಮೀರಿ. "ಸೂಜಿ ಹಿಡಿದ್ರೆ ಕೆಳಗಿಡೋದೇ ಇಲ್ಲ."

ಆಜಿಯ ಮುಖ ಅರಳಿತು. ಎದ್ದು ಹೋಗಿ ಅಡುಗೆಮನೆಯ ಬಾಗಿಲು ಎಳೆದರು. ಬಾಗಿಲ ಹಿಂದಿನ ಮೊಳೆಯಿಂದ ತರಕಾರಿ ಚೀಲ, ಕಿರಾಣಿ ಚೀಲ, ನಮ್ಮ ಕಡೆ ತೊಟ್ಟೆ ಅನ್ನುತ್ತೇವಲ್ಲ ಆ ಪ್ಲಾಸ್ಟಿಕ್ ಚೀಲ, ಎಲ್ಲ ಒಟ್ಟಿಗೇ ಅವರ ತಲೆಯ ಮೇಲೆ ಬಿದ್ದವು. "ನೋಡಿ, ದಿನಾ ಹೀಗೆ. ಇವನ್ನು ತುಂಬಿಡಲಿಕ್ಕೆ ಉದ್ದದ್ದೊಂದು ಚೀಲ ಹೆಣೆದು ಕೊಡಲಿ. ಎರಡೂ ಕಡೆ ಬಾಯಿ ಇರಬೇಕು. ಮೇಲಿಂದ ತುರುಕೋದು, ಕೆಳಗಿಂದ ಒಂದೊಂದೇ ಎಳೆಯೋದು. ರಾಣಿ ಬಣ್ಣ, ಗಾಢ ಗುಲಾಬಿ. ಮೇಲೆ ಹೂವಿನ ಅಂಚು."

ವಾಪಸು ಬರುವಾಗ ಆಟೋದಲ್ಲಿ ಮಗಳು ಅಳುವ ಹಾಗಾಗಿದ್ದಳು. "ಮಮ್ಮಿ, ಕ್ರೋಶಾ ಅಂದ್ರೆ ಅದು ಮೂಗು ಬಗ್ಗಿದ ಸೂಜಿ ಅಲ್ವಾ? ನಾನು ಟಚ್ ಕೂಡ ಮಾಡಿಲ್ಲ!"

"ನನಗೆ ಬರ್ತದಲ್ಲ," ಅಂದಳು ಹೆಂಡತಿ. "ನೀನು ನನ್ನ ಹೊಟ್ಟೆಯಲ್ಲಿ ಇದ್ದಾಗ ನಾನು ಹೆಣೆದ ಟೇಬಲ್ ಕ್ಲಾತ್ ಇನ್ನೂ ಉಂಟು. ಅಂದ ಮೇಲೆ ನೀನೂ ಹೆಣೆದ ಹಾಗೇ ಲೆಕ್ಕ."

೨. ಗಂಡಸಿನ ಕೈ

ಮದುವೆ ಮೇ ತಿಂಗಳಲ್ಲಿ. ಹೆಂಡತಿ ದಹಿಸರ್ ಮಾರ್ಕೆಟ್ಟಿನಿಂದ ರಾಣಿ ಬಣ್ಣದ ಉಲ್ಲನ್ ತಂದು ನಾಲ್ಕು ಬೆರಳಿನಷ್ಟು ಹೆಣೆದೂ ಆಗಿತ್ತು. ಮದುವೆಗೆ ಏಳು ವಾರ ಇರುವಾಗ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ನೋವಿಗಿಂತ ಹೆಚ್ಚು ಅವಳು ಅತ್ತದ್ದು ಆ ಚೀಲಕ್ಕೆ.

ಮಗಳು ಎರಡು ಭಾನುವಾರ ಕೂತು ಕಲಿಯಲು ನೋಡಿದಳು. ಪಾಪ, ಮನಸ್ಸಿತ್ತು, ಕೈ ಇರಲಿಲ್ಲ. ಅವಳು ಹೆಣೆದದ್ದರಲ್ಲಿ ಮೀನು ಹಿಡಿಯಬಹುದಿತ್ತು. ಮೂರನೆಯ ಭಾನುವಾರ ಸೂಜಿ ಕೆಳಗಿಟ್ಟು, "ಪಪ್ಪಾ, ನಾನು ಆಜಿಗೆ ನಿಜ ಹೇಳಿಬಿಡ್ತೇನೆ" ಅಂದಳು. ಹೆಂಡತಿ, "ಚಹಾ ಕುಡಿಸಿ ಕಳಿಸ್ತಾರೆ, ನೆನಪುಂಟಲ್ಲ?" ಅಂದಳು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಡುಗ ಒಳ್ಳೆಯವನು, ಹುಡುಗಿಗೆ ಇಷ್ಟ, ಎಲ್ಲ ಸರಿ ಇದ್ದು ಒಂದು ತೊಟ್ಟೆಚೀಲಕ್ಕಾಗಿ ಮದುವೆ ನಿಲ್ಲುವುದೆಂದರೆ ಏನು ಹೇಳುವುದು ಮಾರಾಯ್ರೆ!

ಏನೂ ತೋಚದೆ ಅಲ್ಲೇ ಬಿದ್ದಿದ್ದ ಕರಿಬೇವಿನ ಸೊಪ್ಪನ್ನು ಕಟ್ಟು ಮಾಡಿ ದಾರ ಸುತ್ತುತ್ತಿದ್ದೆ. ಅಭ್ಯಾಸ ಬಲ. ಹೆಂಡತಿ ನನ್ನ ಬೆರಳುಗಳನ್ನೇ ನೋಡತೊಡಗಿದಳು.

"ಹೋಯ್, ಆ ಸೂಜಿ ಒಮ್ಮೆ ಹಿಡೀರಿ ನೋಡುವ."

"ನಿನಗೇನು ಮರ್ಲಾ, ಹುಚ್ಚಾ? ನಾನು ಗಂಡಸು!"

"ಮೂವತ್ತು ವರ್ಷ ದಾರ ಸುತ್ತುವಾಗ ನೀವು ಮತ್ತೆ ಎಂತ ಆಗಿದ್ರಿ?"

೩. ಮೂರು ಇಡ್ಲಿ, ಒಂದು ವಡೆ

ಕಲಿಸುವುದು ಅವಳು, ಕೈ ನನ್ನದು. ಎಡಗೈಯಲ್ಲಿ ಸೌಟು ಹಿಡಿದು ಎದುರು ಕೂರುತ್ತಿದ್ದಳು. ತಪ್ಪಿದರೆ ಸೌಟು ಮೊಣಕಾಲಿಗೆ. ಮೂರು ಸರಪಳಿ, ಒಂದು ಕಂಬ, ಮತ್ತೆ ಮೂರು ಸರಪಳಿ, ಒಂದು ಕಂಬ. ಸರಪಳಿ ಒಂದು ಬಗೆಯ ಹೆಣಿಗೆ, ಕಂಬ ಇನ್ನೊಂದು. ಇಷ್ಟೇ ಪಾಠ. ನನಗೆ ಸರಪಳಿ ಯಾವುದು ಕಂಬ ಯಾವುದು ಅಂತ ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ನನ್ನದೇ ಭಾಷೆಗೆ ತಂದುಕೊಂಡೆ. ಸರಪಳಿಗೆ ಇಡ್ಲಿ, ಕಂಬಕ್ಕೆ ವಡೆ. ಮೂರು ಇಡ್ಲಿ, ಒಂದು ವಡೆ. ಆಮೇಲೆ ತಪ್ಪುವುದು ಅಪರೂಪವಾಯಿತು.

ಮನೆಯಲ್ಲಿ ಮಾತ್ರ ಹೆಣೆದರೆ ಮದುವೆಯೊಳಗೆ ಮುಗಿಯುವ ಹಾಗಿರಲಿಲ್ಲ. ಹೊಟೇಲಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿ ಕಡಿಮೆ. ಕೌಂಟರಿನ ಕೆಳಗೆ ಚೀಲವಿಟ್ಟುಕೊಂಡು, ಮುಖ ರಸ್ತೆಯ ಕಡೆ ಮಾಡಿ, ಕೈ ಮಾತ್ರ ಆಡಿಸುತ್ತಿದ್ದೆ. ಯಾರಾದರೂ ನೋಡಿ ಪಾರ್ಲೆಯಲ್ಲಿ ಸುದ್ದಿ ಹಬ್ಬಿದರೆ ಆಜಿಯ ಕಿವಿಗೆ ಬೀಳಲು ಹತ್ತು ನಿಮಿಷ ಸಾಕು. ಕಾಲಿನ ಸಪ್ಪಳ ಕೇಳಿದರೆ ಸಾಕು, ಸೂಜಿ ಬಿಟ್ಟು ಬಿಳಿ ದಾರ ಎಳೆಯುತ್ತಿದ್ದೆ.

ಒಂದು ದಿನ ಹೂವಿನ ಅಂಚಿನ ಕೆಲಸ. ಅದು ಸೂಕ್ಷ್ಮ. ಮೈಮರೆತು ಬಾಯಿ ಬಿಟ್ಟೇ ಹೇಳಿಕೊಳ್ಳುತ್ತಿದ್ದೆ ಅಂತ ಕಾಣುತ್ತದೆ. "ಮೂರು ಇಡ್ಲಿ ಒಂದು ವಡೆ, ಮೂರು ಇಡ್ಲಿ ಒಂದು ವಡೆ, ಮೂರು ಇಡ್ಲಿ ಒಂದು ವಡೆ." ಒಂದು ಸುತ್ತು ಮುಗಿಸಿ ತಲೆಯೆತ್ತಿದರೆ ಅಡುಗೆಮನೆಯ ಕಿಟಕಿಯಲ್ಲಿ ಮೂರು ಇಡ್ಲಿ ಒಂದು ವಡೆಯ ತಟ್ಟೆಗಳು ಸಾಲಾಗಿ ನಿಂತಿವೆ! ಅಡುಗೆಯ ಭಟ್ಟರು ಬೆವರು ಒರೆಸಿಕೊಳ್ಳುತ್ತಾ ತಲೆ ಹೊರಗೆ ಹಾಕಿ, "ಹದಿನೆಂಟು ಆಯ್ತು ಮಾರಾಯ. ಹಿಟ್ಟು ಖಾಲಿ. ಬಸ್ಸು ಯಾವ ಊರಿನದ್ದು?" ಅಂದರು.

ಭಟ್ಟರು ಹೊರಗೆ ಬಂದು ನೋಡಿದರು, ಬಸ್ಸಿಲ್ಲ. ಕೌಂಟರಿನ ಕೆಳಗೆ ಬಗ್ಗಿ ನೋಡಿದರು, ರಾಣಿ ಬಣ್ಣದ ಚೀಲ. ಎಲ್ಲ ಹೇಳಿ ಕೈ ಮುಗಿದೆ. ಮಗಳ ಮದುವೆ ಅಂದದ್ದೇ ಅವರೂ ಮೆತ್ತಗಾದರು. ಆ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಭೀರವಾಗಿ ಹೇಳಿದರು, "ಇಲ್ಲಿ ಒಂದು ವಡೆ ಕಮ್ಮಿ ಉಂಟು, ಬಿಚ್ಚು."

೪. ಉಂಡೆ ಉರುಳಿತು

ನನ್ನ ಪಾಳಿ ನಾಲ್ಕಕ್ಕೆ ಮುಗಿಯುತ್ತದೆ. ಆ ಹೊತ್ತಿನ ಸ್ಲೋ ಲೋಕಲಿನಲ್ಲಿ ಕೂರಲು ಜಾಗ ಸಿಗುತ್ತದೆ. ಪೇಪರ್ ಅಗಲ ಬಿಡಿಸಿ ಹಿಡಿದು, ಅದರ ಹಿಂದೆ ದಹಿಸರ್ ಬರುವವರೆಗೆ ಹೆಣೆಯುತ್ತಿದ್ದೆ. ಪಕ್ಕದವನು ಒಂದು ದಿನ, "ಒಂದೇ ಪುಟವನ್ನು ಅರ್ಧ ಗಂಟೆ ಓದ್ತೀರಲ್ಲ, ಅಷ್ಟು ಏನಿದೆ ಅದರಲ್ಲಿ?" ಅಂತ ಕೇಳಿದ್ದ. ನೋಡಿದರೆ ಪುಟ ತುಂಬಾ ಸೀರೆ ಅಂಗಡಿಯ ಜಾಹೀರಾತು.

ಮತ್ತೊಂದು ದಿನ ಜೋಗೇಶ್ವರಿ ದಾಟಿದ ಮೇಲೆ ಟ್ರೈನ್ ಗಕ್ಕನೆ ನಿಂತಿತು. ಉಲ್ಲನ್ ಉಂಡೆ ತೊಡೆಯಿಂದ ಜಾರಿ, ಜನರ ಕಾಲುಗಳ ನಡುವೆ ಉರುಳಿಕೊಂಡು ಬಾಗಿಲಿನ ಕಡೆಗೆ ಹೋಯಿತು. ದಾರದ ಒಂದು ತುದಿ ನನ್ನ ಕೈಯಲ್ಲಿ. ಎಳೆದೆ, ಬರಲಿಲ್ಲ. ಆ ಕಡೆಯಿಂದ ಯಾರೋ ಉಂಡೆಯನ್ನು ಎತ್ತಿಕೊಂಡು, ದಾರವನ್ನು ಮೆಲ್ಲಗೆ ಸುತ್ತುತ್ತಾ ಜನರನ್ನು ಸರಿಸಿಕೊಂಡು ನನ್ನ ಕಡೆಗೇ ಬರುತ್ತಿದ್ದರು. ಒಳ್ಳೆಯ ಮನುಷ್ಯ ಅಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ನಮ್ಮ ಬೀಗರು! ಹುಡುಗನ ಅಪ್ಪ! ಬೋರಿವಲಿಯಲ್ಲಿ ಯಾರನ್ನೋ ನೋಡಲು ಹೊರಟಿದ್ದರಂತೆ.

ಸೂಜಿ, ಚೀಲ ಎರಡನ್ನೂ ಪೃಷ್ಠದ ಕೆಳಗೆ ಸೇರಿಸಿದೆ. ಸೂಜಿ ಚುಚ್ಚಿತು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನಗು ತಂದುಕೊಂಡೆ.

"ಅಹೋ, ಇದು ನಿಮ್ಮದಾ?" ಅಂದರು ಉಂಡೆ ಹಿಡಿದು.

"ಹೌದು... ಹೊಟೇಲಿನದ್ದು... ಪಾರ್ಸೆಲ್ ಕಟ್ಟುವ ದಾರ."

"ಪಾರ್ಸೆಲ್ಲಿಗೆ ರಾಣಿ ಬಣ್ಣದ ಉಲ್ಲನ್?"

"ಹೊಸದಾಗಿ ಶುರು ಮಾಡ್ತಿದ್ದೇವೆ. ಮ್ಯಾನೇಜರ್ ಅಂದ ಮೇಲೆ ದಾರದಿಂದ ಹಿಡಿದು ಎಲ್ಲ ನಾವೇ ನೋಡಬೇಕಲ್ಲ."

ಬೀಗರು ಮೆಚ್ಚಿಕೊಂಡು ತಲೆಯಾಡಿಸಿದರು. ನನ್ನ ಪಕ್ಕವೇ ಕೂತರು. ಬೋರಿವಲಿಯವರೆಗೆ ಹೊಟೇಲ್ ಉದ್ಯಮದ ಬಗ್ಗೆ ಬಹಳ ವಿಚಾರಪೂರ್ಣವಾಗಿ ಮಾತಾಡಿದರು. ನಾನು ಪ್ರತಿಯೊಂದಕ್ಕೂ "ಹೌದು, ಹೌದು" ಅಂದೆ. ಸೂಜಿಯ ಮೇಲೆ ಕೂತವನು ಯಾವ ವಿಷಯದಲ್ಲೂ ವಾದ ಮಾಡುವುದಿಲ್ಲ.

೫. ವಿಐಪಿ ಪಾರ್ಸೆಲ್

ಆ ಭಾನುವಾರ ಹುಡುಗ ಇಡ್ಲಿಗೆ ಬಂದ. ಕೌಂಟರಿನ ಮೇಲೆ ಬಗ್ಗಿ ಗುಟ್ಟಾಗಿ, "ಅಂಕಲ್, ನಮ್ಮ ಬಾಬಾ ಟ್ರೈನಿನಿಂದ ಬಂದು ಮನೆಯಲ್ಲಿ ಎಲ್ಲರಿಗೂ ಪಿಂಕ್ ದಾರದ ವಿಷಯ ಹೇಳಿದ್ದಾರೆ. ಆಜಿ ನೋಡ್ಲಿಕ್ಕೆ ಕಾದು ಕೂತಿದ್ದಾಳೆ" ಅಂದ. ಚೀಲ ಹೆಣೆಯುತ್ತಿರುವುದು ನಾನು ಅಂತ ಅವನಿಗೆ ಗೊತ್ತಿಲ್ಲ. ನಾನು ಹೇಳುವ ಹಾಗೂ ಇಲ್ಲ.

ಉಪಾಯವಿಲ್ಲದೆ ಕೆಳಗಿನಿಂದ ಉಲ್ಲನ್ ತೆಗೆದು, ಅವನ ಪಾರ್ಸೆಲ್ಲಿಗೆ ಸುತ್ತಿ ಗಂಟು ಹಾಕಿ ಕೊಟ್ಟೆ. ಇಷ್ಟಕ್ಕೇ ಮುಗಿಯಿತು ಅಂದುಕೊಂಡರೆ ಹಿಂದೆ ನಿಂತಿದ್ದ ಹೆಂಗಸು, "ಅವನಿಗೆ ಪಿಂಕು, ನನಗೆ ಯಾಕೆ ಬಿಳಿ? ಹದಿನೈದು ವರ್ಷದ ಗಿರಾಕಿ ನಾನು" ಅಂದರು. ಅವರಿಗೂ ಸುತ್ತಿದೆ. ಅವರ ಹಿಂದಿನವರು, "ಇಲ್ಲಿ ಏನು, ವಿಐಪಿ ಪಾರ್ಸೆಲ್ ಬೇರೆ ಇದೆಯಾ?" ಅಂತ ಗಲಾಟೆ ತೆಗೆದರು. ಭಾನುವಾರದ ಕ್ಯೂ, ಫುಟ್‌ಪಾತಿನವರೆಗೆ ಜನ. ಒಬ್ಬೊಬ್ಬರಿಗೂ ಸುತ್ತುತ್ತಾ ಹೋದೆ. ನನ್ನ ಮಗಳ ರುಖವತ್ತು ಇಡ್ಲಿಯ ಮೇಲೆ ಕೂತು ಒಂದೊಂದೇ ಮನೆಗೆ ಹೋಗುವುದನ್ನು ನಾನು ಕಣ್ಣಾರೆ ನೋಡುತ್ತಾ ನಿಂತಿದ್ದೆ.

ಹನ್ನೊಂದು ಗಂಟೆಗೆ ಉಲ್ಲನ್ ಮುಗಿಯಿತು. ಕೊನೆಯ ಪಾರ್ಸೆಲ್ ತೆಗೆದುಕೊಂಡ ಮುದುಕರು ಗಂಟನ್ನು ಮುಟ್ಟಿ ನೋಡಿ, "ಬಣ್ಣ ಚಂದ, ಆದರೆ ಬಿಳಿಯದ್ದೇ ಒಳ್ಳೆಯದಿತ್ತು" ಅಂದರು.

೬. ಮೇ ತಿಂಗಳ ಟೋಪಿ

ಅದೇ ಬಣ್ಣದ ಉಲ್ಲನ್ ದಹಿಸರಿನಲ್ಲಿ ಸಿಗಲಿಲ್ಲ. ಬೋರಿವಲಿ, ಮಲಾಡ್, ದಾದರ್, ಎಲ್ಲ ಸುತ್ತಿದೆ. ಎಲ್ಲ ಕಡೆ ಸ್ವಲ್ಪ ಹೆಚ್ಚು ಕೆಂಪು, ಇಲ್ಲವೇ ಸ್ವಲ್ಪ ಕಡಿಮೆ. ಮದುವೆಗೆ ಐದೇ ದಿನ. ಚೀಲದ ಕೆಳಗಿನ ಬಾಯಿ ಬಿಗಿಯುವ ಕೊನೆಯ ಎರಡು ಸುತ್ತು ಬಾಕಿ. ಹೆಂಡತಿಯ ಪ್ಲಾಸ್ಟರ್ ಬಿಚ್ಚಿದ್ದರೂ ಕೈಯಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ. ಕೊನೆಗೆ ಹೊಟೇಲಿನ ಬಿಳಿ ದಾರವನ್ನೇ ನಾಲ್ಕೆಳೆ ಮಾಡಿ ಹೆಣೆದು, ತುದಿಗೆ ಗಂಟು ಹಾಕಿ ಮುಗಿಸಿದೆ. ಕೈ ಯಾವ ಗಂಟು ಹಾಕಿತು ಅಂತ ನಾನು ನೋಡಲೂ ಇಲ್ಲ.

"ರಾಣಿ ಬಣ್ಣಕ್ಕೆ ಬಿಳಿ ಅಂಚು. ಬೇಕೂಂತಲೇ ಮಾಡಿದ ಹಾಗೆ ಕಾಣ್ತದೆ," ಅಂದಳು ಹೆಂಡತಿ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು.

ಚೀಲವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯ ವಹಿನಿ, ಅಂದರೆ ಮರಾಠಿಯಲ್ಲಿ ಅತ್ತಿಗೆ, ಕೊತ್ತಂಬರಿ ಕೇಳಲು ಒಳಗೇ ಬಂದುಬಿಟ್ಟರು. ವಹಿನಿಯ ತವರು ಪಾರ್ಲೆ. ಆಜಿಗೂ ಅವರಿಗೂ ಪರಿಚಯ. ನನಗೆ ಏನೂ ತೋಚದೆ ಚೀಲವನ್ನು ತಲೆಗೆ ಹಾಕಿಕೊಂಡೆ.

ವಹಿನಿ ಬಾಗಿಲಲ್ಲೇ ನಿಂತರು. "ಭಾವೂಜಿ, ಇದೇನು?"

"ಟೋಪಿ. ಶೀತ ಆಗಿದೆ."

"ಮೇ ತಿಂಗಳಲ್ಲಿ?"

"ಅದಕ್ಕೇ ಮೇಲೆ ತೂತು ಬಿಟ್ಟದ್ದು, ಗಾಳಿ ಆಡಲಿ ಅಂತ."

೭. ರುಖವತ್

ಮದುವೆಯ ದಿನ ಬೆಳಗ್ಗೆ ರುಖವತ್ತಿನ ಮೇಜಿನ ಮೇಲೆ ಲಾಡು, ಕರಂಜಿ, ಎಲ್ಲದರ ನಡುವೆ ಒಂದು ಗೂಟಕ್ಕೆ ನೇತು ಹಾಕಿದ ಚೀಲ. ಕೆಳಗೆ ಚಂದದ ಅಕ್ಷರದಲ್ಲಿ ಬರೆದ ಚೀಟಿ, 'ವಧುವಿನ ಕೈಕೆಲಸ'. ಮುಹೂರ್ತಕ್ಕೆ ಇನ್ನೂ ಒಂದು ಗಂಟೆ.

ಆಜಿ ಬಂದರು. ಲಾಡು ನೋಡಲಿಲ್ಲ, ಕರಂಜಿ ನೋಡಲಿಲ್ಲ. ನೇರ ಚೀಲಕ್ಕೇ ಕೈ ಹಾಕಿದರು. ಹೂವಿನ ಅಂಚನ್ನು ಸವರಿದರು. ಒಳಗೆ ಕೈ ಹಾಕಿ ಬೆರಳು ಅಗಲಿಸಿದರು. ತಿರುಗಿಸಿ, ಕೆಳಗಿನ ಬಿಳಿ ಸುತ್ತನ್ನು ಕಣ್ಣಿನ ಹತ್ತಿರ ತಂದರು. ಆ ಗಂಟಿನ ಹತ್ತಿರ ಅವರ ಕೈ ನಿಂತಿತು. ಕನ್ನಡಕ ತೆಗೆದು ಸೀರೆಗೆ ಒರೆಸಿ ಮತ್ತೆ ಹಾಕಿಕೊಂಡರು.

"ಹುಡುಗಿಯನ್ನು ಕರೀರಿ."

ಮಗಳು ಒಂಬತ್ತು ಗಜದ ನವ್ವಾರಿ ಸೀರೆಯಲ್ಲಿ ಬಂದು ನಿಂತಳು. ಆಜಿ ಕೇಳಿದರು, "ಇದು ನೀನೇ ಮಾಡಿದ್ದಾ?"

ಹೆಂಡತಿ ಹಿಂದಿನಿಂದ ನನ್ನ ತೋಳು ಚಿವುಟಿದಳು. ನಾನು ಮಗಳಿಗೆ ಹೌದು ಅನ್ನು ಅಂತ ಕಣ್ಣು ಮಾಡಿದೆ. ಅವಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು, ದೂರದಲ್ಲಿ ಹಣೆಗೆ ಮುತ್ತಿನ ಮುಂಡಾವಳಿ ಕಟ್ಟಿಕೊಂಡು ನಿಂತಿದ್ದ ಹುಡುಗನನ್ನು ನೋಡಿದಳು.

"ಆಜಿ, ಹೇ ಮೀ ನಾಹೀ ಕೇಲಂ," ಅಂದಳು. ಇದು ನಾನು ಮಾಡಿದ್ದಲ್ಲ ಅಂತ. "ನನಗೆ ಬರೋದಿಲ್ಲ. ಟ್ರೈ ಮಾಡಿದೆ, ಆಗಲಿಲ್ಲ."

ಮುಗಿಯಿತು ಅಂದುಕೊಂಡೆ. ಆಜಿ ಮಾತ್ರ, "ಗೊತ್ತು" ಅಂದರು. ಗಂಟನ್ನು ಬೆರಳಲ್ಲಿ ಎತ್ತಿ ಹಿಡಿದರು. "ಇದನ್ನು ಹಾಕಿದವನನ್ನು ನಾನು ಹನ್ನೆರಡು ವರ್ಷದಿಂದ ಹುಡುಕ್ತಿದ್ದೇನೆ. ಎಲ್ಲಿದ್ದಾನೆ ಅವನು?"

ಹನ್ನೆರಡು ವರ್ಷ! ನಾನು ಜನರನ್ನು ಸರಿಸಿಕೊಂಡು ಮುಂದೆ ಬಂದು ಕೈ ಮುಗಿದೆ. "ನಾನೇ ಆಜಿ."

ಆಜಿ ಬಾಯಿ ಅಗಲ ತೆರೆದು, ಹಲ್ಲಿಲ್ಲದ ಜಾಗಕ್ಕೆ ಬೆರಳಿಟ್ಟು 'ನೋಡಿ' ಅನ್ನುವ ಹಾಗೆ ನನ್ನ ಮುಖದ ಹತ್ತಿರ ತಂದರು. "ಭಾನುವಾರ. ಇಡ್ಲಿ ಪಾರ್ಸೆಲ್. ಕೈಯಲ್ಲಿ ಬಿಚ್ಚಲಿಲ್ಲ, ಹಲ್ಲಲ್ಲಿ ಕಚ್ಚಿ ಎಳೆದೆ. ಹಲ್ಲು ಬಂತು, ಗಂಟು ಬರಲಿಲ್ಲ! ಈ ಗಂಟನ್ನು ನಾನು ಕತ್ತಲಲ್ಲಿ ಮುಟ್ಟಿದರೂ ಹೇಳ್ತೇನೆ. ನೀವು ಮ್ಯಾನೇಜರ್ ಅಲ್ವಾ?"

"ಅಲ್ಲ ಆಜಿ. ಪಾರ್ಸೆಲ್ ಕೌಂಟರ್."

"ಅಂದರೆ ಸುಳ್ಳು ಎರಡು."

"ಹೊಟೇಲಿನ ಪಿಂಕ್ ದಾರ ಸೇರಿಸಿದರೆ ಮೂರು," ಅಂದೆ. ಹೇಳುವುದಾದರೆ ಎಲ್ಲ ಹೇಳಿ ಮುಗಿಸಿಬಿಡುವ ಅನಿಸಿತ್ತು. ಮುರಿದ ಕೈ, ಸೌಟು, ಹದಿನೆಂಟು ತಟ್ಟೆ, ಸೂಜಿಯ ಮೇಲೆ ಕೂತದ್ದು, ಒಂದೂ ಬಿಡದೆ ಹೇಳಿದೆ. ಬೀಗರು ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದರು. ವಹಿನಿ, "ಟೋಪಿ!" ಅಂತ ಕಿರುಚಿದರು. ಆಜಿ ನಗಲಿಲ್ಲ. ಎಲ್ಲರೂ ಸುಮ್ಮನಾಗುವವರೆಗೆ ಕಾದರು.

"ಆ ಚಕ್ಕುಲಿಯ ಹುಡುಗಿಯನ್ನೂ ನಾನು ಹೀಗೇ ನಿಲ್ಲಿಸಿ ಕೇಳಿದ್ದೆ," ಅಂದರು. "ಕಣ್ಣಲ್ಲಿ ಕಣ್ಣಿಟ್ಟು, ನಾನೇ ಮಾಡಿದ್ದು ಅಂದಳು. ಇವಳು ಮದುವೆ ಸೀರೆ ಉಟ್ಟು, ಇಷ್ಟು ಜನರ ಎದುರು ಅಲ್ಲ ಅಂದಳು. ನನಗೆ ಬೇಕಾಗಿದ್ದದ್ದು ಇಷ್ಟೇ. ಚೀಲ ಯಾರು ಹೆಣೆದರೆ ನನಗೇನು?"

ಮಗಳನ್ನು ಹತ್ತಿರ ಎಳೆದುಕೊಂಡು ಕೆನ್ನೆ ಸವರಿದರು. ನನ್ನ ಹೆಂಡತಿ ಗೊಳೋ ಅಂತ ಅತ್ತಳು. ನಾನು ಅಳಲಿಲ್ಲ ಅಂತ ಹೇಳಿದರೆ ಅದು ನಾಲ್ಕನೆಯ ಸುಳ್ಳಾಗುತ್ತದೆ.

ಆಮೇಲೆ ಆಜಿ ಒಂದು ಪೆನ್ನು ತರಿಸಿದರು. ಚೀಟಿಯಲ್ಲಿ 'ವಧುವಿನ' ಅಂತ ಇದ್ದದ್ದಕ್ಕೆ ಪಕ್ಕದಲ್ಲಿ 'ಅಪ್ಪನ' ಅಂತ ಸೇರಿಸಿದರು. ಮುಹೂರ್ತದ ಹೊತ್ತಿಗೆ ಆ ಹಾಲಿನಲ್ಲಿ ವಧೂವರರಿಗಿಂತ ಹೆಚ್ಚು ಫೋಟೋ ಬಿದ್ದದ್ದು ಆ ಚೀಲಕ್ಕೆ. ಊಟದ ಪಂಕ್ತಿಯಲ್ಲಿ ನಮ್ಮ ಭಟ್ಟರು ಪಕ್ಕದವರಿಗೆಲ್ಲ ಹೇಳುತ್ತಿದ್ದರು, "ಅದರಲ್ಲಿ ಒಂದು ವಡೆ ನನ್ನದು."

೮. ಮದುವೆಯ ನಂತರದ ಭಾನುವಾರ

ಮದುವೆ ಮುಗಿದ ಮೊದಲ ಭಾನುವಾರ ಹುಡುಗ, ಅಲ್ಲ ಈಗ ಅಳಿಯ, ಎಂದಿನ ಹಾಗೆ ಕ್ಯೂನಲ್ಲಿ ನಿಂತು ಇಡ್ಲಿಗೆ ಬಂದ. ಮುಂದೆ ಬಾ ಅಂದರೂ ಬರಲಿಲ್ಲ.

ಪಾರ್ಸೆಲ್ ಕಟ್ಟುವಾಗ ನನಗೆ ಆ ಹಲ್ಲಿನ ಜಾಗವೇ ಕಣ್ಣ ಮುಂದೆ ಬಂತು. ಮುದುಕಿಯ ಹಲ್ಲು ತೆಗೆದ ಪಾಪ ನನ್ನ ತಲೆಯ ಮೇಲೆ ಹನ್ನೆರಡು ವರ್ಷ ಇತ್ತಲ್ಲ ಅಂತ ಬೇಸರವಾಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಗಂಟು ಬಿಟ್ಟೆ. ಶೂ ಲೇಸಿಗೆ ಹಾಕುವ ಹಾಗೆ ಒಂದು ಸಡಿಲ ಕುಣಿಕೆ ಹಾಕಿದೆ. ಒಂದು ಎಳೆ ಎಳೆದರೆ ಸಾಕು, ಮಗು ಕೂಡ ಬಿಚ್ಚಬಹುದು. ಅಳಿಯ ಅದನ್ನು ಬೈಕಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದ.

ಅರ್ಧ ಗಂಟೆಯಲ್ಲಿ ಹೊಟೇಲಿಗೆ ಫೋನ್ ಬಂತು. ಆಜಿ.

"ಪಾರ್ಸೆಲ್ ನೀವೇ ಕಟ್ಟಿದ್ದಾ?"

"ನಾನೇ ಆಜಿ. ಇನ್ನು ಮೇಲೆ ನಿಮ್ಮ ಹಲ್ಲಿಗೆ ತೊಂದರೆ ಇಲ್ಲ. ಸಡಿಲ ಮಾಡಿ ಕಟ್ಟಿದ್ದೇನೆ," ಅಂದೆ ಹೆಮ್ಮೆಯಿಂದ.

"ಸಡಿಲ ಆಗಿದೆ. ಸಾಂಬಾರ್ ಪೂರ್ತಿ ನಿಮ್ಮ ಅಳಿಯನ ಪ್ಯಾಂಟಿನ ಮೇಲಿದೆ. ಅವನು ಬಚ್ಚಲಿನಲ್ಲಿ ಕುಣೀತಿದ್ದಾನೆ. ಚಟ್ನಿ ಸ್ಕೂಟರಿನವನೊಬ್ಬನ ಬೆನ್ನಿಗೆ ಹೋಯಿತಂತೆ. ಇಲ್ಲಿ ಬಂದಿರೋದು ಇಡ್ಲಿ ಮಾತ್ರ."

ಆ ಕಡೆಯಿಂದ ಬಾಯಿ ಚಪ್ಪರಿಸುವ ಸದ್ದು ಬಂತು. ಅವರು ನಾಲಿಗೆಯಿಂದ ಏನನ್ನೋ ಎಣಿಸುತ್ತಿದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು.

"ನನಗೆ ಇನ್ನೂ ಹನ್ನೊಂದು ಹಲ್ಲಿವೆ," ಅಂದರು. "ಗಂಟು ಮೊದಲಿನ ಹಾಗೇ ಹಾಕಿ."